ಹಳದಿ ಕೊಡೆಯ ಹಿಂದೆ

ಇಂಗ್ಲೆಂಡಿನ ಬೀಸ್ಟನ್ ಊರಿನ ದಿವಾಕರನಿಗೆ ಈ ಜನ್ಮದಲ್ಲಿ ಹೆಚ್ಚಿನ ಆಸೆಗಳೇನೂ ಇರಲಿಲ್ಲ. ಕನ್ನಡ ಸಂಘದ ಪ್ರವಾಸ ಕಾರ್ಯದರ್ಶಿಯಾಗಬೇಕು, ವರ್ಷಕ್ಕೊಮ್ಮೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮೈಕು ಹಿಡಿಯಬೇಕು, "ಎಲ್ಲಾರೂ ಬಂದ್ರಾ?" ಎಂದು ಕೇಳಬೇಕು. ಅಷ್ಟೇ. ಇಷ್ಟು ಸಾಧುವಾದ ಆಸೆಗೆ ಅಡ್ಡಬರುವ ಪಾಪಿಗಳು ಯಾರು ಎಂದು ನೀವು ಕೇಳಬಹುದು. ಇಡೀ ಸಂಘವೇ ಅಡ್ಡಬಂದಿತ್ತು.

ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಬ್ಲ್ಯಾಕ್‌ಪೂಲಿಗೆ ಹೋಗುವಾಗ, ನೋಡೋಣವೆಂದು ತಲೆ ಎಣಿಸುವ ಕೆಲಸವನ್ನು ಅವನಿಗೆ ಕೊಟ್ಟಿದ್ದರು. ಮೋಟಾರ್‌ವೇ ಪಕ್ಕದಲ್ಲಿ ಕಾಫಿಗೆ ನಿಲ್ಲಿಸಿ ಹೊರಟಾಗ ಅವನು ಎರಡೆರಡು ಸಲ ಎಣಿಸಿದ. ಲೆಕ್ಕ ತಾಳೆಯಾಯಿತು. ಆದರೆ ಆ ಲೆಕ್ಕದಲ್ಲಿ, ತನ್ನ ಬಸ್ಸೆಂದು ತಪ್ಪಾಗಿ ಹತ್ತಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಒಬ್ಬ ಬಿಳಿಯ ಮುದುಕನೂ ಸೇರಿದ್ದಾನೆಂಬುದು ಬ್ಲ್ಯಾಕ್‌ಪೂಲಿನಲ್ಲಿ ಗೊತ್ತಾಯಿತು. ಅವನಿಗೆ ಬದಲಾಗಿ ಹಿಂದೆ ಉಳಿದವರು ಸಂಘದ ಅಧ್ಯಕ್ಷರೇ ಆದ ಡಾಕ್ಟರ್ ಚಂದ್ರಪ್ಪನವರು. ಶೆಫೀಲ್ಡಿನಲ್ಲಿ ಜಿಪಿಯಾಗಿ, ಎಂದರೆ ಬಡಾವಣೆಯ ಡಾಕ್ಟರಾಗಿ, ಹೆಸರು ಮಾಡಿದ ಆ ಹಿರಿಯರು ಚಿಪ್ಸಿನ ಪೊಟ್ಟಣ ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿಬರುತ್ತಿದ್ದುದನ್ನು ಮಕ್ಕಳು ಹಿಂಬದಿಯ ಕಿಟಕಿಯಿಂದ ನೋಡಿದ್ದವು. ಅಂಕಲ್ ಬೀಳ್ಕೊಡುತ್ತಿದ್ದಾರೆಂದು ತಿಳಿದು ಕೈಯನ್ನೂ ಬೀಸಿದ್ದವು.

ಅಂದಹಾಗೆ ದಿವಾಕರನ ಉದ್ಯೋಗ, ಸಾಮಾನು ಸಾಗಿಸುವ ಲಾರಿಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್ ಬರೆಯುವುದು. ಅವನು ಬರೆದದ್ದನ್ನು ನಂಬಿದ ಲಾರಿಗಳೆಲ್ಲ ಊರು ಸೇರುತ್ತಿದ್ದವು. ಅವನು ಮಾತ್ರ ಮೀಟಿಂಗ್ ಮುಗಿಸಿ ತನ್ನ ಮೇಜಿಗೆ ಮರಳುವಾಗ ದಿನವೂ ಒಮ್ಮೆ ಕಸಬರಿಕೆ ಇಡುವ ಕೋಣೆಯ ಬಾಗಿಲು ತೆಗೆದು, ಒಳಗೆ ನೋಡಿ, ಅಲ್ಲಿದ್ದ ಬಕೆಟ್ಟಿಗೆ "ಸಾರಿ" ಹೇಳಿ ಮುಚ್ಚುತ್ತಿದ್ದ.

ಆ ವರ್ಷದ ಯುಗಾದಿ ಊಟದ ನಂತರ ಸಂಘದ ಸಭೆ ನಡೆಯಿತು. ದಿವಾಕರ ಎದ್ದುನಿಂತು, ಪ್ರವಾಸ ಕಾರ್ಯದರ್ಶಿಯ ಹೊಣೆಯನ್ನು ಹೊರಲು ತಾನು ಸಿದ್ಧನೆಂದು ಸಾರಿದ. ಚಂದ್ರಪ್ಪನವರು ಪಾಯಸದ ಲೋಟವನ್ನು ಕೆಳಗಿಟ್ಟರು. ಅವರ ಹೆಂಡತಿ ವರಲಕ್ಷ್ಮಿ ಮಾತ್ರ ಏನನ್ನೂ ಇಡಲಿಲ್ಲ.

"ಸಂಘ ಹಾಗಿರ್ಲಿ ದಿವಾಕರ್," ಎಂದರು ಆಕೆ. "ನೀವು ಮೊದ್ಲು ನಿಮ್ಮ ಹೆಂಡ್ತೀನೂ ಮಗಳನ್ನೂ ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ಅವ್ರನ್ನೇ ವಾಪಸ್ ಕರ್ಕೊಂಡು ಬನ್ನಿ. ಆಮೇಲೆ ನೋಡೋಣ."

ಸಭೆ ನಕ್ಕಿತು. ದಿವಾಕರನೂ ನಕ್ಕ, ಎಲ್ಲರೂ ನಗುವಾಗ ಜೊತೆಗೆ ನಗದಿರುವುದು ಅವನಿಗೆ ಗೊತ್ತಿರಲಿಲ್ಲ. ಅವನ ಹೆಂಡತಿ ವೇದಾ ಮಾತ್ರ ನಗಲಿಲ್ಲ. ಮನೆಯಲ್ಲಿ ಗಂಡನನ್ನು ಹಗಲಿಡೀ ಹಾಸ್ಯ ಮಾಡುವ ಹೆಂಡತಿ, ಹೊರಗಿನವರು ಅದೇ ಕೆಲಸಕ್ಕೆ ಕೈ ಹಾಕಿದರೆ ಸಹಿಸುವುದಿಲ್ಲ. ಆಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಸೆಪ್ಟೆಂಬರಲ್ಲಿ ನಾವು ಮಾಲ್ಟಾಕ್ಕೆ ಹೋಗ್ತಿದೀವಿ. ಎಲ್ಲಾ ಇವ್ರೇ ನೋಡ್ಕೋತಾರೆ. ಎಲ್ಲಾದ್ರೂ ಎಡವಟ್ಟಾದ್ರೆ, ಈ ಸಲದ ದೀಪಾವಳಿಗೆ ಸಂಘಕ್ಕೆಲ್ಲಾ ಹೋಳಿಗೆ ನಾನೊಬ್ಳೇ ಮಾಡ್ತೀನಿ. ಆಗದಿದ್ರೆ ಇವ್ರನ್ನೇ ಕಾರ್ಯದರ್ಶಿ ಮಾಡ್ಬೇಕು. ಒಪ್ಪಿಗೇನಾ?"

ಒಪ್ಪಿಗೆಯಾಯಿತು. ಮಾಲ್ಟಾಕ್ಕೆ ಹೋಗುವ ವಿಷಯ ದಿವಾಕರನಿಗೂ ಆಗಲೇ ತಿಳಿದದ್ದು. ವೇದಾಳ ಹೋಳಿಗೆಯ ರುಚಿ ಬಲ್ಲ ಸದಸ್ಯರೆಲ್ಲ ಅಂದಿನಿಂದ, ಅವನ ಪ್ರಯಾಣ ಕೆಡಲೆಂದು ಮನಸ್ಸಿನಲ್ಲೇ ಹರಕೆ ಹೊತ್ತರು.

ಇಂಥ ಪರೀಕ್ಷೆಗೆ ಸಾಕ್ಷಿ ಬೇಡವೇ? ಸೋವಿ ದರದ ಅದೇ ಪ್ಯಾಕೇಜನ್ನು ಚಂದ್ರಪ್ಪ ದಂಪತಿಗಳೂ ಕೊಂಡರು. ಹೊರಡುವ ದಿನ ಈಸ್ಟ್ ಮಿಡ್‌ಲ್ಯಾಂಡ್ಸ್ ವಿಮಾನನಿಲ್ದಾಣದಲ್ಲಿ ಚಂದ್ರಪ್ಪನವರು ದಿವಾಕರನ ತೋಳು ಹಿಡಿದು ಗಂಭೀರವಾಗಿ ಹೇಳಿದರು:

"ನೋಡಿ, ಈ ಸಲ ನಾನು ನಿಮ್ಮನ್ನ ಬಿಡಲ್ಲ. ನೀವು ಎಲ್ಲಿಗೆ ಹೋದ್ರೂ ನಿಮ್ಮ ಹಿಂದೇನೇ ಇರ್ತೀನಿ. ನನ್ನನ್ನ ಬಿಟ್ಟು ಹೋಗೋದು ಹ್ಯಾಗೆ ಸಾಧ್ಯ, ನೋಡೇ ಬಿಡೋಣ!"

ವೈದ್ಯರು ಇಲ್ಲೊಂದು ಸಣ್ಣ ತಪ್ಪು ಮಾಡಿದ್ದರು. ಹಿಂದೆ ಉಳಿಯುವುದಕ್ಕಿಂತ ದಿವಾಕರನ ಜೊತೆಗಿರುವುದು ಹೆಚ್ಚಿನ ಅಪಾಯವೆಂಬುದು ಅವರಿಗೆ ಹೊಳೆದಿರಲಿಲ್ಲ.

ಮಾಲ್ಟಾ ತಲುಪಿದ ಮರುದಿನವೇ, ಒಂದೇ ದಿನದಲ್ಲಿ ಇಡೀ ದ್ವೀಪವನ್ನು ಸುತ್ತಿಸುವ ಅಗ್ಗದ ಬಸ್ ಪ್ರವಾಸಕ್ಕೆ ದಿವಾಕರ ಎಲ್ಲರ ಹೆಸರು ಬರೆಸಿದ. ಬೆಳಿಗ್ಗೆ ಹೋಟೆಲಿನಿಂದ ಹೊರಡುವಾಗ ವೇದಾ ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ನೀಲಿ ದಾರದಲ್ಲಿ ತೂಗುವ, ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡನ್ನು ಕೊರಳಿಗೆ ಹಾಕಿದಳು. ಅದರ ಮೇಲೆ ಅವನ ಫೋಟೊ, ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರಹ. ಕನ್ನಡಕವಿಲ್ಲದೆ ಅವನಿಗೆ ಓದಲಾಗಲಿಲ್ಲ.

"ಏನಿದು?"

"ನಾಯಕರಿಗೆಲ್ಲಾ ಒಂದು ಬ್ಯಾಡ್ಜ್ ಇರುತ್ತಲ್ಲ, ಅದು. ತೆಗೀಬೇಡಿ," ಎಂದಳು ವೇದಾ. ಹದಿಹರೆಯದ ಮಗಳು ಯಾಮಿನಿ ಕಾರ್ಡನ್ನು ಓದಿ, "ಓ ಮೈ ಗಾಡ್, ಅಮ್ಮಾ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ದಿವಾಕರ ಎದೆಯುಬ್ಬಿಸಿಕೊಂಡು ಬಸ್ಸು ಹತ್ತಿದ.

ಬಸ್ಸಿನ ಗೈಡ್ ಕಾರ್ಮೆನ್ ಎಂಬ ಚುರುಕು ಹೆಂಗಸು. ಮಡಿಚಿದ ಹಳದಿ ಕೊಡೆಯೊಂದನ್ನು ಎತ್ತಿ ತೋರಿಸಿ, "ನಮ್ಮ ಕಂಪನಿಯ ಗುರುತು ಇದು. ಹಳದಿ ಕೊಡೆ ಎಲ್ಲಿ ಹೋಗುತ್ತೋ ಅಲ್ಲಿಗೆ ನೀವೂ ಬರಬೇಕು," ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಮಾಡಿದಳು. ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿಯನ್ನು ಚಂದ್ರಪ್ಪನವರ ಚೀಲಕ್ಕೆ ವರ್ಗಾಯಿಸುವ ಗಡಿಬಿಡಿಯಲ್ಲಿದ್ದ ದಿವಾಕರ ಈ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಬೆಳಗಿನ ಹೊತ್ತು ಎಲ್ಲವೂ ಸುಸೂತ್ರವಾಗಿ ನಡೆಯಿತು. ಬೆಸ್ತರ ಊರಿನ ಬಂದರಿನಲ್ಲಿ ದೋಣಿಗಳ ಮೂತಿಗೆ ಕಣ್ಣು ಬರೆದಿದ್ದರು. "ದೃಷ್ಟಿ ತಾಕದೇ ಇರ್ಲಿ ಅಂತ. ನಮ್ಮಲ್ಲಿ ಲಾರಿಗೆ ನಿಂಬೆಹಣ್ಣು ಕಟ್ಟಲ್ವಾ, ಹಾಗೇ," ಎಂದು ದಿವಾಕರ ವಿವರಿಸಿದ. ಕಾರ್ಮೆನ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಬಸ್ಸು ಹೊರಟಾಗ ಅವನು ತನ್ನವರನ್ನು ಎಣಿಸಿದ. ಹೆಂಡತಿ, ಮಗಳು, ವರಲಕ್ಷ್ಮಿ, ಬೆನ್ನಿಗೆ ಅಂಟಿಕೊಂಡೇ ಇದ್ದ ಅಧ್ಯಕ್ಷರು, ಎಲ್ಲರೂ ಇದ್ದರು. ವರಲಕ್ಷ್ಮಿಯವರ ಮುಖ ಸ್ವಲ್ಪ ಬಾಡಿತು. ಹೋಳಿಗೆ ಕೈತಪ್ಪುವ ಲಕ್ಷಣ ಕಾಣುತ್ತಿತ್ತು.

ಮಧ್ಯಾಹ್ನ ಎಮ್‌ದೀನಾ ಎಂಬ ಹಳೆಯ ಕೋಟೆಯೂರಿಗೆ ಬಂದರು. ಜೇನಿನ ಬಣ್ಣದ ಕಲ್ಲಿನ ಎತ್ತರದ ಗೋಡೆಗಳು, ನಡುವೆ ಇಬ್ಬರು ಸೇರಿ ನಡೆಯಬಹುದಾದ ಓಣಿಗಳು. ಶತ್ರು ಬಿಟ್ಟ ಬಾಣ ನೇರವಾಗಿ ಸಾಗದಿರಲೆಂದು ಬೀದಿಗಳನ್ನೆಲ್ಲ ಸೊಟ್ಟಗೆ ಕಟ್ಟಿದ್ದಾರೆಂದು ಕಾರ್ಮೆನ್ ಹೇಳಿದಳು. ಬಾಣವೇ ದಾರಿ ತಪ್ಪುವ ಊರಿಗೆ ದಿವಾಕರನನ್ನು ಕರೆತಂದದ್ದು ವಿಧಿಯ ಸಂಚೆನ್ನದೆ ಬೇರೇನು ಹೇಳೋಣ?

ಇಗರ್ಜಿಯ ಮುಂದೆ ಕಾರ್ಮೆನ್ ಸಂತರ ಜೀವನ ಚರಿತ್ರೆ ಆರಂಭಿಸಿದಳು. ದಿವಾಕರನಿಗೆ ಮಾತ್ರ ಬೇರೆಯೇ ಕಡೆಯಿಂದ ಕರೆ ಬಂದಿತ್ತು. ಬೆಳಿಗ್ಗೆಯಿಂದ ಕುಡಿದ ನೀರು ಒಂದು ಬಾಟಲಿಯಲ್ಲ. ಅವನು ವೇದಾಳ ಕಿವಿಯಲ್ಲಿ, "ಒಂದ್ನಿಮಿಷ, ಬಂದೆ," ಎಂದು ಮೆಲ್ಲಗೆ ಹಿಂದೆ ಸರಿದ. ನೆತ್ತಿ ಸುಡುತ್ತಿತ್ತು. ಬೀಸ್ಟನ್ನಿನ ಬಿಲ್ಡಿಂಗ್ ಸೊಸೈಟಿ ಬ್ಯಾಂಕಿನವರು ಪುಕ್ಕಟೆಯಾಗಿ ಕೊಟ್ಟಿದ್ದ ಕೊಡೆ ಕೈಯಲ್ಲಿತ್ತು. ಬಿಚ್ಚಿ ಹಿಡಿದ. ಅದೂ ಹಳದಿ.

ಬಿಸಿಲಿಗೆ ಕೊಡೆ ಹಿಡಿಯುವುದು ನಮಗೆ ಉಸಿರಾಡಿದಷ್ಟು ಸಹಜ. ಆದರೆ ಇಂಗ್ಲೆಂಡಿನವರಿಗೆ ಬಿಸಿಲು ಅಪರೂಪಕ್ಕೆ ಬರುವ ನೆಂಟ. ಅದು ಬಂದರೆ ಮೈಯೊಡ್ಡಿ, ಕೆಂಪು ಮೂಲಂಗಿಯಾಗಿ ಆದರಿಸುತ್ತಾರೆಯೇ ಹೊರತು ಕೊಡೆ ಅಡ್ಡ ಹಿಡಿದು ಅವಮಾನಿಸುವುದಿಲ್ಲ. ಹೀಗಾಗಿ ಒಂದು ಮೋಡವೂ ಇಲ್ಲದ ಆಕಾಶದ ಕೆಳಗೆ ಒಬ್ಬ ಮನುಷ್ಯ ಕೊರಳಿಗೆ ಕಾರ್ಡು ಹಾಕಿಕೊಂಡು ಹಳದಿ ಕೊಡೆ ಎತ್ತಿ ನಡೆದರೆ, ಅವರ ತಿಳುವಳಿಕೆಯ ಪ್ರಕಾರ ಅದಕ್ಕೆ ಒಂದೇ ಅರ್ಥ.

ಆ ಹೊತ್ತಿಗೆ ಸರಿಯಾಗಿ ಅದೇ ಕಂಪನಿಯ ಇನ್ನೊಂದು ಬಸ್ಸು ಇಂಗ್ಲೆಂಡಿನ ಬಾರ್ನ್ಸ್ಲಿ ಕಡೆಯ ನಿವೃತ್ತರ ತಂಡವೊಂದನ್ನು ಕೋಟೆಯ ಬಾಗಿಲಲ್ಲಿ ಇಳಿಸಿತ್ತು. "ಈ ಊರಿಗೆ ಬೇರೆ ಗೈಡ್. ಹಳದಿ ಕೊಡೆ ನೋಡಿ ಹಿಂದೆ ಹೋಗಿ," ಎಂದಷ್ಟೇ ಹೇಳಿ ಅವರ ಡ್ರೈವರು ಸಿಗರೇಟು ಹಚ್ಚಿದ್ದ. ತಂಡ ಒಳಗೆ ಬಂತು, ಕೊಡೆಯನ್ನು ಕಂಡಿತು, ಹಿಂಬಾಲಿಸಿತು.

ದಿವಾಕರ ಮೊದಲ ಓಣಿಯಲ್ಲಿ ತಿರುಗಿದ. ಹಿಂದೆ ಹೆಜ್ಜೆಸಪ್ಪಳ. ಅಧ್ಯಕ್ಷರಿರಬೇಕೆಂದುಕೊಂಡ. ಎರಡನೆಯ ಓಣಿಯಲ್ಲಿ ಸಪ್ಪಳ ಒಬ್ಬ ಅಧ್ಯಕ್ಷರದ್ದೆಂದು ನಂಬಲು ಕಷ್ಟವಾಯಿತು. ತಿರುಗಿ ನೋಡಿದರೆ ಚಂದ್ರಪ್ಪನವರ ಹಿಂದೆ ಬಿಳಿ ಟೋಪಿಗಳ ಒಂದು ಮೆರವಣಿಗೆ! ಅವನು ನಿಂತ. ಮೆರವಣಿಗೆಯೂ ನಿಂತಿತು. ನಡೆದ. ಅದೂ ನಡೆಯಿತು.

"ಇವ್ರೆಲ್ಲಾ ಯಾಕ್ರೀ ಬರ್ತಿದಾರೆ?" ಎಂದು ಚಂದ್ರಪ್ಪನವರು ಪಿಸುಗುಟ್ಟಿದರು.

"ಪಾಪ, ವಯಸ್ಸಾದವ್ರಲ್ವಾ ಡಾಕ್ಟ್ರೇ. ಅವ್ರಿಗೂ ಅರ್ಜೆಂಟಾಗಿರ್ಬೇಕು."

ಇದು ವೈದ್ಯಶಾಸ್ತ್ರಕ್ಕೂ ಸರಿಹೊಂದುವ ವಿವರಣೆಯಾದ್ದರಿಂದ ಚಂದ್ರಪ್ಪನವರು ತಲೆದೂಗಿದರು.

ಕೊನೆಗೊಂದು ಅಂಗಳದಲ್ಲಿ ಬೇಕಾದ ಬಾಗಿಲು ಸಿಕ್ಕಿತು. ದಿವಾಕರ ಕೊಡೆಯನ್ನು ಅಧ್ಯಕ್ಷರ ಕೈಗಿತ್ತು ಒಳಗೆ ಹೋದ. ಹೊರಬಂದಾಗ ಇಡೀ ತಂಡ ಆ ಬಾಗಿಲಿನ ಫೋಟೊ ತೆಗೆಯುತ್ತಿತ್ತು. ಮುಂದೆ ನಿಂತಿದ್ದ, ಗಟ್ಟಿಮುಟ್ಟಾದ ಡೋರೀನ್ ಎಂಬ ಹಿರಿಯಾಕೆ, ಎಲ್ಲರನ್ನೂ 'ಲವ್' ಎಂದೇ ಕರೆಯುವ ತನ್ನೂರಿನ ರೂಢಿಯಂತೆ, ಕೇಳಿದಳು: "ತುಂಬಾ ಹಳೆಯದಾ ಲವ್, ಇದು?"

ಇಲ್ಲಿ ದಿವಾಕರನ ಇನ್ನೊಂದು ಗುಣ ಹೇಳಲೇಬೇಕು. ಕೇಳಿದವರಿಗೆ "ಗೊತ್ತಿಲ್ಲ" ಎನ್ನುವ ಅಸಭ್ಯತೆ ಅವನ ವಂಶದಲ್ಲೇ ಇಲ್ಲ. "ತುಂಬಾ," ಎಂದ. "ರಾಜರ ಕಾಲದ್ದು." ಎಲ್ಲರೂ ಆಹಾ ಎಂದರು. ಯಾರೋ ಕೈ ಕೂಡ ತಟ್ಟಿದರು. ಮೈಕು ಇಲ್ಲದಿದ್ದರೇನಾಯಿತು, ಜನ್ಮದಲ್ಲಿ ಮೊದಲ ಬಾರಿಗೆ ಒಂದು ಬಸ್ಸಿನಷ್ಟು ಜನ ದಿವಾಕರನ ಬಾಯಿಯನ್ನೇ ನೋಡುತ್ತಿದ್ದರು. ಅವನಿಗೆ ಬಹಳ ಸಂತೋಷವಾಯಿತು. ಸಂತೋಷವಾದಾಗ ಮನುಷ್ಯ ದಾರಿ ನೋಡುವುದಿಲ್ಲ.

ಆಮೇಲೆ ಅವನು ನಡೆದದ್ದೇ ನಡೆದದ್ದು, ಹೇಳಿದ್ದೇ ಹೇಳಿದ್ದು. ಚಿತ್ರದುರ್ಗದ ಕೋಟೆಗೂ ಇದಕ್ಕೂ ಇರುವ ಸಾಮ್ಯವನ್ನು ವಿವರಿಸಿದ. ಶ್ರೀರಂಗಪಟ್ಟಣದಲ್ಲಿ ಶತ್ರುಗಳು ನುಗ್ಗಿದ ಕಥೆಯನ್ನು, ನುಗ್ಗಿದವರ ಮೊಮ್ಮಕ್ಕಳೇ ಎದುರಿಗಿದ್ದಾರೆಂಬುದನ್ನು ಮರೆತು, ಕೈಬಾಯಿ ಮಾಡಿ ಹೇಳಿದ. ಒಬ್ಬ ಮುದುಕ ಕಣ್ಣೊರೆಸಿಕೊಂಡು, ಮಾಲ್ಟಾದ ಜನ ಇಷ್ಟು ಕಷ್ಟಪಟ್ಟಿದ್ದು ತನಗೆ ತಿಳಿದಿರಲಿಲ್ಲ ಎಂದ. ಅಷ್ಟರಲ್ಲಿ ಮೀನಿನಾಕಾರದ ಹಿತ್ತಾಳೆ ಹಿಡಿಯಿದ್ದ ಒಂದು ಬಾಗಿಲು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮೂರನೆಯ ಸಲ ಬಂದಾಗ ಚಂದ್ರಪ್ಪನವರು ಅವನ ಅಂಗಿ ಜಗ್ಗಿದರು.

"ರೀ ದಿವಾಕರ್, ನಾವು ಕಳೆದುಹೋಗಿದೀವಿ."

"ಇಲ್ಲ ಡಾಕ್ಟ್ರೇ, ಸುತ್ತು ಹಾಕ್ತಿದೀವಿ."

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ!" ಎಂದು ಅಧ್ಯಕ್ಷರು ಹಲ್ಲು ಕಡಿದರು. ದಿವಾಕರನಿಗೆ ಐಶ್ವರ್ಯ ಬಂದಿರಲಿಲ್ಲ, ಹೊತ್ತು ನಡುಮಧ್ಯಾಹ್ನ. ಆದ್ದರಿಂದ ಈ ಗಾದೆ ತನಗೆ ಅನ್ವಯಿಸದೆಂದು ಅವನು ತೀರ್ಮಾನಿಸಿದ.

ಆದರೆ ಎದೆಯೊಳಗೆ ಅಳುಕು ಹೊಕ್ಕಿತ್ತು. ಬಸ್ಸು ಹೊರಡುವ ಹೊತ್ತು ಮೀರುತ್ತಿತ್ತು. ಇಬ್ಬರ ಫೋನುಗಳೂ ಹೆಂಡತಿಯರ ಕೈಚೀಲದಲ್ಲಿದ್ದವು. ಹೋಳಿಗೆಯಲ್ಲ, ಕಾರ್ಯದರ್ಶಿಯ ಪಟ್ಟವೂ ಅಲ್ಲ, ಆ ಸಭೆಯಲ್ಲಿ ಎಲ್ಲರೂ ನಗುವಾಗ ಒಬ್ಬಳೇ ಎದ್ದುನಿಂತ ವೇದಾಳ ಮುಖ ಅವನ ಕಣ್ಣಮುಂದೆ ಬಂತು. ನಾಳೆ ಅದೇ ಜನ ಅವಳನ್ನು ನೋಡಿ ನಗುತ್ತಾರೆ. ತಾನು ನಗೆಪಾಟಲಾಗುವುದು ದಿವಾಕರನಿಗೆ ಅಭ್ಯಾಸವಿತ್ತು. ಅವಳು ಆಗುವುದನ್ನು ನೆನೆದು ಅವನಿಗೆ ನಿಜಕ್ಕೂ ದುಃಖವಾಯಿತು. ಅವನು ಕೋಟೆಗೋಡೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಎಲ್ಲರೂ ಕೂತರು.

"ಊಟದ ಹೊತ್ತೇನೋ," ಎಂದು ಡೋರೀನ್ ಸುತ್ತಲಿನವರಿಗೆ ಹೇಳಿದಳು. ಆ ಕಂಪನಿಯ ಜಾಹೀರಾತಿನಲ್ಲಿ ಸ್ಥಳೀಯ ತಿಂಡಿಯ ರುಚಿಯೂ ಸೇರಿದೆಯೆಂದು ಬರೆದಿತ್ತಂತೆ. ಇಪ್ಪತ್ತು ಜೊತೆ ಕಣ್ಣುಗಳು ಚಂದ್ರಪ್ಪನವರ ಚೀಲದ ಮೇಲೆ ನೆಟ್ಟವು. ಜಿಪಿಯಾದವರಿಗೆ ಹಸಿದವರ ಮುಖ ನೋಡಿ ಸುಮ್ಮನಿರಲಾದೀತೇ? ಅವರು ನಿಟ್ಟುಸಿರಿಟ್ಟು ಡಬ್ಬಿ ತೆಗೆದರು. ಶೆಫೀಲ್ಡಿನ ಗಣ್ಯ ವೈದ್ಯರು ಬಾರ್ನ್ಸ್ಲಿಯ ಹಿರಿಯರ ಅಂಗೈಗೆ ಒಂದೊಂದೇ ಚಮಚ ಪುಳಿಯೋಗರೆ ಹಾಕುತ್ತ ಸಾಗಿದರು. ಮಾಲ್ಟಾದ ಅಡುಗೆ ಇಷ್ಟು ಖಾರವೆಂದು ಯಾರೂ ಎಣಿಸಿರಲಿಲ್ಲ. ಆದರೂ ಎರಡನೆಯ ಸಲ ಕೈಚಾಚದವರಿಲ್ಲ.

ಕೈ ಒರೆಸಿಕೊಂಡ ಡೋರೀನ್, ಗೈಡ್ ಮುಖ ಯಾಕೆ ಸಪ್ಪಗಿದೆ ಎಂದು ಪಕ್ಕದಲ್ಲಿ ಬಂದು ಕೂತಳು. ಹೆಸರು ತಿಳಿದು ನಾಲ್ಕು ಒಳ್ಳೆಯ ಮಾತಾಡೋಣವೆಂದು ಕನ್ನಡಕ ಏರಿಸಿ, ಅವನ ಕೊರಳ ಕಾರ್ಡನ್ನು ಎತ್ತಿಹಿಡಿದು ಓದಿದಳು. ಒಮ್ಮೆ ಓದಿದಳು. ಮತ್ತೊಮ್ಮೆ ಗಟ್ಟಿಯಾಗಿ ಓದಿದಳು:

"'ಈ ಮನುಷ್ಯ ಕಳೆದುಹೋಗಿದ್ದಾನೆ. ಸಿಕ್ಕಿದವರು ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಒಳ್ಳೆಯ ಸ್ವಭಾವ, ಹೆದರಬೇಕಾಗಿಲ್ಲ.'"

ಓದಿದವಳು ಕಾರ್ಡಿನ ಫೋಟೊವನ್ನೂ ಅವನ ಮುಖವನ್ನೂ ಹೋಲಿಸಿ ನೋಡಿದಳು.

"ಅಯ್ಯೋ ಲವ್," ಎಂದಳು ಡೋರೀನ್. "ನಾವು ಇಷ್ಟು ಹೊತ್ತೂ ಕಳೆದುಹೋದವನ ಹಿಂದೆ ಬಂದ್ವಾ?"

ದಿವಾಕರ ಕೊಡೆ ಮಡಿಚಿದ. "ನಾನು ಬಾತ್‌ರೂಮಿಗೆ ಹೊರಟಿದ್ದೆ," ಎಂದು ಒಪ್ಪಿಕೊಂಡ. ಈಗ ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದ. ಆದರೆ ಡೋರೀನ್ ನಗತೊಡಗಿದಳು. ಅವಳ ನಗು ಪಕ್ಕದವರಿಗೆ, ಪಕ್ಕದವರದು ಮೆಟ್ಟಿಲಿನುದ್ದಕ್ಕೂ ಹಬ್ಬಿತು. ಶ್ರೀರಂಗಪಟ್ಟಣಕ್ಕಾಗಿ ಅತ್ತಿದ್ದ ಮುದುಕನಂತೂ ಈಗ ನಕ್ಕು ಕಣ್ಣೊರೆಸಿಕೊಂಡ. ಡೋರೀನ್ ತನ್ನ ಮೊಬೈಲ್ ತೆಗೆದು ಕಾರ್ಡಿನ ನಂಬರು ಒತ್ತಿದಳು.

ಆ ಕಡೆ ಬಸ್ಸಿನ ಬಳಿ ನಡೆದದ್ದನ್ನು ಯಾಮಿನಿ ಮುಂದೆ ವರ್ಷಗಟ್ಟಲೆ ನಟಿಸಿ ತೋರಿಸಿದಳು. ವರಲಕ್ಷ್ಮಿಯವರು ಕಾರ್ಮೆನ್ನಳ ಎರಡೂ ಕೈ ಹಿಡಿದು, "ನನ್ನ ಗಂಡನ್ನ ಎರಡನೇ ಸಲ ಕಳೆದ್ರು!" ಎಂದು ಇಂಗ್ಲಿಷಿನಲ್ಲಿ ಗೋಳಾಡುತ್ತಿದ್ದರು. ಮೊದಲ ಸಲದ ಕಥೆ ತಿಳಿಯದ ಕಾರ್ಮೆನ್, ಈಕೆಗೆ ಇದು ಎರಡನೆಯ ಗಂಡನೆಂದು ಭಾವಿಸಿ ಇನ್ನಷ್ಟು ಕನಿಕರಪಟ್ಟಳು. ಇನ್ನೊಂದು ಬಸ್ಸಿನ ಡ್ರೈವರು ಖಾಲಿ ಸೀಟುಗಳನ್ನು ನೋಡಿ ತಲೆಯ ಮೇಲೆ ಕೈ ಹೊತ್ತಿದ್ದ. ಅಷ್ಟರಲ್ಲಿ ವೇದಾಳ ಫೋನ್ ರಿಂಗಾಯಿತು.

"ನಿನ್ನ ಗಂಡ ನನ್ನ ಹತ್ರ ಇದ್ದಾನೆ, ಲವ್," ಎಂದಳು ಡೋರೀನ್. "ಜೊತೆಗೆ ಒಬ್ಬ ಡಾಕ್ಟರ್, ನಾವೊಂದು ಬಸ್ಸು ಜನ. ಎಲ್ಲಿದ್ದೇವೋ ದೇವರೇ ಬಲ್ಲ. ಏನು ಮಾಡೋಣ?"

ವೇದಾ ಒಂದು ಕ್ಷಣವೂ ಯೋಚಿಸಲಿಲ್ಲ. ಹದಿನಾರು ವರ್ಷದ ಸಂಸಾರದ ಸಾರವನ್ನು ಆಕೆ ಆ ಅಪರಿಚಿತೆಗೆ ಧಾರೆಯೆರೆದಳು.

"ಓಣಿ ಕವಲೊಡೆದಲ್ಲೆಲ್ಲಾ ಯಾವ ಕಡೆ ಹೋಗ್ಬೇಕು ಅಂತ ಅವ್ರನ್ನ ಕೇಳಿ. ಅವ್ರು ಯೋಚಿಸಿ ಹೇಳ್ತಾರೆ. ನೀವು ಅದರ ವಿರುದ್ಧ ದಿಕ್ಕಿಗೆ ಹೋಗಿ."

ಹಾಗೆಯೇ ಮಾಡಿದರು. ಮೊದಲ ಕವಲಿನಲ್ಲಿ ದಿವಾಕರ ಸೂರ್ಯನನ್ನು ನೋಡಿ, ಗಾಳಿಯ ದಿಕ್ಕು ನೋಡಿ, "ಎಡಕ್ಕೆ," ಎಂದ. ಬಾರ್ನ್ಸ್ಲಿ ತಂಡ ಒಕ್ಕೊರಲಿನಿಂದ "ಥ್ಯಾಂಕ್ ಯೂ ಲವ್!" ಎಂದು ಬಲಕ್ಕೆ ತಿರುಗಿತು. ಎರಡನೆಯದರಲ್ಲಿ "ಬಲಕ್ಕೆ," ಎಂದ. ಎಲ್ಲರೂ ಎಡಕ್ಕೆ ಹೋದರು. ಹೀಗೆ ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಕೋಟೆಯ ಬಾಗಿಲು, ಸೇತುವೆ, ಆಚೆಗೆ ಎರಡು ಬಸ್ಸುಗಳು! ವರಲಕ್ಷ್ಮಿಯವರು ಓಡಿಬಂದು ಗಂಡನನ್ನು ತಬ್ಬಿಕೊಂಡರು. ಅಪ್ಪಿದ ಮೇಲೆ ಕೇಳಿದರು: "ಪುಳಿಯೋಗರೆ ಎಲ್ರೀ?"

ದಿವಾಕರ ವೇದಾಳ ಮುಂದೆ ಬಂದು ನಿಂತ. "ತಪ್ಪಾಯ್ತು ಕಣೆ. ನೀನು ಅಷ್ಟು ಜನರ ಎದುರಿಗೆ ನನ್ನ ಪರವಾಗಿ ನಿಂತ್ಕೊಂಡೆ..." ವೇದಾ ಅವನ ಕೊರಳ ಕಾರ್ಡನ್ನು ನೇರ ಮಾಡಿದಳು.

"ಬಂದ್ರಲ್ಲಾ, ಸಾಕು. ಬಸ್ ಹತ್ತಿ. ಆ ಬಸ್ಸಲ್ಲ, ಈ ಬಸ್ಸು."

ಮುಂದಿನ ಸಂಘದ ಸಭೆಯಲ್ಲಿ ಇದು ದೊಡ್ಡ ಚರ್ಚೆಯಾಯಿತು. ಎಡವಟ್ಟಾಯಿತೋ ಇಲ್ಲವೋ? ಹೋದವರೆಲ್ಲ ಮರಳಿ ಬಂದಿದ್ದರು, ನಿಜ. ಕಳೆದದ್ದು ಕರೆದುಕೊಂಡು ಹೋದವನೇ. ಇಂಥ ಸಂದರ್ಭಕ್ಕೆ ಸಂಘದ ನಿಯಮಾವಳಿಯಲ್ಲಿ ಏನೂ ಇರಲಿಲ್ಲ. ಕಡೆಗೆ ಚಂದ್ರಪ್ಪನವರು ಎದ್ದರು. ಎಲ್ಲರೂ ಕಿವಿ ನಿಮಿರಿಸಿದರು.

"ನಾನು ಪ್ರತ್ಯಕ್ಷ ಸಾಕ್ಷಿ," ಎಂದರು ಅವರು. "ನೋಡಿ, ಒಂದೊಂದ್ಸಲ ಮಾತ್ರ ತಪ್ಪು ಹೇಳೋ ಥರ್ಮಾಮೀಟರ್ ಇಟ್ಕೊಂಡು ಯಾವ ಡಾಕ್ಟ್ರೂ ಏನೂ ಮಾಡಕ್ಕಾಗಲ್ಲ. ಆದ್ರೆ ಯಾವಾಗ್ಲೂ ತಪ್ಪು ಹೇಳೋದು ಸಿಕ್ರೆ, ಅದ್ರಷ್ಟು ನಂಬಿಕಸ್ಥ ಸಾಮಾನು ಇನ್ನೊಂದಿಲ್ಲ. ಅಂಥವ್ರು ನಮ್ಮ ದಿವಾಕರ್. ಇವ್ರನ್ನ ಸಂಘ ಕಳ್ಕೋಬಾರ್ದು!"

ಚಪ್ಪಾಳೆಯ ನಡುವೆ ತೀರ್ಮಾನವಾಯಿತು. ವೇದಾ ಪ್ರವಾಸ ಕಾರ್ಯದರ್ಶಿ. ದಿವಾಕರ ಮುಂದಿನ ಸೀಟಿನಲ್ಲಿ ಕೂರುವ ದಿಕ್ಸೂಚಿ. ಕೈಗೆ ಮೈಕನ್ನೂ ಕೊಡತಕ್ಕದ್ದು. ತಲೆ ಎಣಿಸುವ ಕೆಲಸ ಯಾಮಿನಿಗೆ. ಹೋಳಿಗೆಯ ಷರತ್ತನ್ನು ಅರ್ಧ ಗೆದ್ದು ಅರ್ಧ ಸೋತ ವೇದಾ ಹೋಳಿಗೆಯನ್ನೂ ಮಾಡಿದಳು. ಕಣಕ ನಾದಿಕೊಟ್ಟವನು ದಿವಾಕರ.

ಮರುವರ್ಷ ಬೇಸಿಗೆಯಲ್ಲಿ ಸಂಘದ ಬಸ್ಸು ಸ್ಕಾರ್ಬರೋ ಕಡಲತೀರಕ್ಕೆ ಹೊರಟಿತು. ದಿವಾಕರ ಕೊರಳಲ್ಲಿ ಕಾರ್ಡು ಹಾಕಿಕೊಂಡು, ಮೈಕಿನಲ್ಲಿ "ಎಲ್ಲಾರೂ ಬಂದ್ರಾ?" ಎಂದು ಕೇಳಿದ. "ಬಂದ್ವಿ!" ಎಂದು ಬಸ್ಸು ಕೂಗಿತು. ಅವನ ಕಣ್ಣು ತೇವವಾಯಿತು.

ದಾರಿಯಲ್ಲಿ ಒಂದು ಕಡೆ ರಸ್ತೆ ಅಗೆದು ಮುಚ್ಚಿದ್ದರು. ಬಳಸುದಾರಿ ಹಿಡಿದ ಬಸ್ಸು ಬಟ್ಟಬಯಲಿನ ಒಂದು ಕವಲಿಗೆ ಬಂದು ನಿಂತಿತು. ಫಲಕವಿರಲಿಲ್ಲ. ಡ್ರೈವರು ತಿರುಗಿ ನೋಡಿದ. ಹಿಂದೆ ನಡೆಯುತ್ತಿದ್ದ ಅಂತ್ಯಾಕ್ಷರಿ ನಿಂತಿತು. ದಿವಾಕರ ಸೂರ್ಯನನ್ನು ನೋಡಿದ, ಕುರಿಗಳು ಮುಖ ಮಾಡಿ ನಿಂತ ದಿಕ್ಕನ್ನು ನೋಡಿದ, ಮೈಕಿನಲ್ಲಿ "ಎಡಕ್ಕೆ," ಎಂದ. ಕೂಡಲೇ ವೇದಾ, "ಬಲಕ್ಕೆ ತಿರುಗಿಸಿ," ಎಂದು ಡ್ರೈವರಿಗೆ ಹೇಳಿದಳು. ಬಸ್ಸು ಬಲಕ್ಕೆ ತಿರುಗಿತು. ಹಿಂದಿನ ಸೀಟುಗಳಲ್ಲಿ ಅಂತ್ಯಾಕ್ಷರಿ ಮತ್ತೆ ಶುರುವಾಯಿತು, ಚಕ್ಕುಲಿಯ ಡಬ್ಬಿಗಳು ತೆರೆದುಕೊಂಡವು.

ಬಹಳ ದೂರ ಹೋದ ಮೇಲೆ ಒಂದು ಫಲಕ ಬಂತು. ಸ್ಕಾರ್ಬರೋ ಎಂಬ ಹೆಸರಿನ ಮುಂದಿನ ಬಾಣ, ಅವರು ಬಂದ ದಾರಿಯನ್ನೇ ನೆಟ್ಟಗೆ ತೋರಿಸುತ್ತಿತ್ತು. ದಿವಾಕರ ಅದನ್ನು ಓದಿದ. ನಂಬಲಾರದೆ ಮತ್ತೆ ಓದಿದ. ಜನ್ಮದಲ್ಲಿ ಮೊದಲ ಸಲ ಅವನು ಹೇಳಿದ ದಿಕ್ಕು ಸರಿಯಾಗಿತ್ತು! ಎದೆ ಉಕ್ಕಿಬಂತು. ಮೈಕನ್ನು ಬಾಯಿಯ ಹತ್ತಿರ ತಂದ.

ವೇದಾಳೂ ಫಲಕ ಓದಿದ್ದಳು. ಆಕೆ ಮೆಲ್ಲನೆ ಕೈ ಚಾಚಿ ಮೈಕನ್ನು ಮುಚ್ಚಿ, ಅವನ ಕಿವಿಯ ಬಳಿ ಬಾಗಿದಳು.

"ನೋಡ್ದೆ ರೀ. ಸರಿಯಾಗೇ ಹೇಳಿದ್ರಿ. ಆದ್ರೆ ಯಾರ್ಗೂ ಹೇಳ್ಬೇಡಿ. ಗೊತ್ತಾದ್ರೆ ಕೆಲ್ಸದಿಂದ ತೆಗೆದುಬಿಡ್ತಾರೆ."